ನಾಯಿಗಳ ಜೊತೆ ನಿಂತವಳು

“ತೆಗಿಯಮ್ಮೀ ಆ ಪಟಾವ! ಹೆಣದ ತಲೆದೆಸೇಲಿ ನಾಯಿ ಪಟ ಮಡಗ್ತಾರಾ?”

ದೊಡ್ಡಪ್ಪ ಹುಚ್ಚಯ್ಯ ಕೈ ಹಾಕುವಷ್ಟರಲ್ಲಿ ಪುಟ್ಟಿ ಪಟವನ್ನು ಎದೆಗವಚಿಕೊಂಡಳು. ಅಂಗಳದಲ್ಲಿ ಅವಳವ್ವ ಮಾಯಮ್ಮನ ಹೆಣ ಗೋಡೆಗೊರಗಿ ಕೂತಿತ್ತು. ಪಟದಲ್ಲಿದ್ದದ್ದು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಹಳೇ ಚಿತ್ರ: ಯಾವುದೋ ದೇಶದ ಬೇಟೆಗಾತಿ, ಕೈಯಲ್ಲಿ ಈಟಿ, ಅಕ್ಕಪಕ್ಕ ಎರಡು ನಾಯಿ.

“ಅವ್ವನೇ ಹೇಳವ್ಳೆ ದೊಡ್ಡಪ್ಪ. ಪಟ ತಲೆದೆಸೇಲಿರ್ಬೇಕು, ನಮ್ಮ ನಾಯಿ ಕರಿಯ ಕೆಂಚಿ ಗುಂಡಿ ಗಂಟ ಬರ್ಬೇಕು. ನಾನೇ ಹಿಡ್ಕಂಡ್ ಬತ್ತೀನಿ.”

“ನೀನಾ? ಹೆಂಗಸ್ರು ಹೆಣ ಇಳಿಸೋ ಕಲ್ಲಿನತ್ರಾನೇ ವಾಪಸ್ ಆಗ್ಬೇಕು. ನಾಯಿ ಕಟ್ಟಾಕು. ಊರು ನಗ್ತದೆ.”

“ನಗ್ಲಿ ಬುಡಿ.”

ಪುಟ್ಟಿಗೆ ಅಳು ಒತ್ತರಿಸಿ ಬರುತ್ತಿತ್ತು. ಅದಕ್ಕಿಂತ ಹೆಚ್ಚು ಸಿಟ್ಟು. ಅವಳಣ್ಣ ಚಿಕ್ಕರಾಜು ಬೆಂಕಿ ಮಡಕೆ ಹಿಡಿದು ಮಿಕಮಿಕ ನೋಡುತ್ತಿದ್ದ.

*

ಮೂವತ್ತು ವರ್ಷದ ಹಿಂದೆ, ಮಾಗಡಿ ಕಡೆ ಹಳೇ ಬಂಗಲೆ ಕೆಡವುವ ಕೆಲಸಕ್ಕೆ ಹೋಗಿದ್ದ ಮಾಯಮ್ಮ ಕಸದಲ್ಲಿದ್ದ ಪಟವನ್ನು ಗುಡೇಮಾರನಹಳ್ಳಿಗೆ ತಂದು ದೇವರ ಗೂಡಿನಲ್ಲಿಟ್ಟಳು. ಶುಕ್ರವಾರ ಶುಕ್ರವಾರ ಕುಂಕುಮವಿಟ್ಟಳು. “ಅದು ದೇವ್ರಲ್ಲ ಕಣವ್ವ, ಯಾರೋ ಶಿಕಾರಿ ದೊರೆಸಾನಿ,” ಎಂದು ಮೇಷ್ಟ್ರು ನಕ್ಕರು.

“ನಾಯಿ ನಂಬ್ಕಂಡು ಒಬ್ಳೇ ಕಾಡಲ್ಲಿ ನಿಂತವ್ಳಲ್ಲ, ನಂಗಷ್ಟು ಸಾಕು ಬುಡಿ,” ಎಂದಳು ಮಾಯಮ್ಮ. ಕುಂಕುಮ ನಿಲ್ಲಲಿಲ್ಲ.

ಅದೇ ವರ್ಷ ಒಂದು ಸಂಜೆ ಕುರಿಹಟ್ಟಿಗೆ ಚಿರತೆ ನುಗ್ಗಿತು. ಮೀಸೆ ತಿರುವುವ ಹುಚ್ಚಯ್ಯ ಅಟ್ಟ ಹತ್ತಿ ಏಣಿಯನ್ನೂ ಮೇಲಕ್ಕೆಳೆದುಕೊಂಡ. ಗಂಡ ಸತ್ತು ವರ್ಷ ತುಂಬದ ಮಾಯಮ್ಮ ದೊಣ್ಣೆ ಹಿಡಿದು, ಆಗಿದ್ದ ಹಟ್ಟಿ ನಾಯಿಗಳನ್ನು ಛೂ ಬಿಟ್ಟು, ಚಿರತೆಯನ್ನು ಬೇಲಿ ದಾಟಿಸಿದಳು.

“ಇಳೀರಿ ಭಾವ, ಹೋಯ್ತು,” ಎಂದು ಆಮೇಲೆ ಕೂಗಿದಳಂತೆ.

*

ದಾರಿ ನಡುವಿನ ಕಲ್ಲಿನ ಹತ್ತಿರ ಹೆಣ ಇಳಿಸಿ ಎತ್ತಿದರು. ಹೆಂಗಸರೆಲ್ಲ ಹಿಂದಿರುಗಿದರು. ಪಟ ಕಂಕುಳಲ್ಲಿ, ಅವ್ವನ ದೊಣ್ಣೆ ಕೈಯಲ್ಲಿ, ನಾಯಿಗಳ ಹಗ್ಗ ಮಣಿಕಟ್ಟಿಗೆ ಸುತ್ತಿಕೊಂಡು ಪುಟ್ಟಿ ಮುಂದಕ್ಕೆ ಹೆಜ್ಜೆಯಿಟ್ಟಳು. ಹುಚ್ಚಯ್ಯ ಅಡ್ಡ ನಿಂತ.

“ನಿಂತ್ಕೋ ಅಮ್ಮೀ! ತಾತನ ಕಾಲದಿಂದ ನಡ್ಕಂಡ್ ಬಂದಿರೋ ಪದ್ಧತಿ ಐತೆ.”

“ಚಿರತೆ ಬಂದ ದಿನ ಹೆಂಗಸ್ರು ವಾಪಸ್ ಹೋಗಿ ಅಂತ ಯಾಕಂದಿಲ್ಲ ದೊಡ್ಡಪ್ಪ? ಅಟ್ಟದ ಮ್ಯಾಲಿಂದ ಕೂಗಿದ್ರೆ ಕೇಳಿಸ್ತಿರ್ಲಿಲ್ವಾ?”

ಚಟ್ಟ ಹೊತ್ತವರಲ್ಲಿ ಒಬ್ಬ ನಗು ತಡೆಯಲಾರದೆ ಕೆಮ್ಮಿದ. ಚಿಕ್ಕರಾಜು ಬೆಂಕಿ ಮಡಕೆಯನ್ನು ಹುಚ್ಚಯ್ಯನ ಮುಂದೆ ಚಾಚಿದ.

“ಅವ್ಳು ಬರ್ಲಿ. ಬ್ಯಾಡ ಅಂದ್ರೆ ಈ ಮಡಕೆ ನೀವೇ ಹಿಡ್ಕಳಿ.”

ಗುಂಡಿಯ ತಲೆದೆಸೆಯಲ್ಲಿ ಪಟ ನಿಲ್ಲಿಸಿ ಚಿಕ್ಕರಾಜುವೇ ಕುಂಕುಮವಿಟ್ಟ. ಅದರ ಹಿಂದೆ ಪುಟ್ಟಿ ದೊಣ್ಣೆಯೂರಿ ನಿಂತಿದ್ದಳು, ಎಡಕ್ಕೆ ಕರಿಯ, ಬಲಕ್ಕೆ ಕೆಂಚಿ. ಮಣ್ಣು ಹಾಕಲು ಬಂದ ಹುಚ್ಚಯ್ಯ ಪಟ ನೋಡಿದ, ಅವಳನ್ನು ನೋಡಿದ, ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಿಗೆ ಸೇರಿಸಿದ.