ತೋರ್ಲೈಫನ ಕೊನೆಯ ಮಾಲ್ಟ್

1987ರ ಡಿಸೆಂಬರ್ 5, ಶನಿವಾರ, ಬೆಳಿಗ್ಗೆ ಏಳೂಕಾಲು. ಹೊರಗೆ ಬೆಳಕಿನ್ನೂ ಹರಿದಿರಲಿಲ್ಲ. ಗುನ್ವೋರ್ ಅಟ್ಟದ ಮೆಟ್ಟಿಲುಗಳ ಮೇಲೆ ಚೀಲವೊಂದನ್ನು ಮೆಲ್ಲಗೆ ಜಾರಿಸುತ್ತ ಕೆಳಗಿಳಿಸಿ, ಅಂಗಳದ ಹಿಮ ದಾಟಿ ಒಲೆಮನೆಗೆ ಎಳೆದುತಂದಳು. ಒಳಗಿದ್ದದ್ದು ಅವಳ ಅಣ್ಣ ತೋರ್ಲೈಫ್ ಮಾಡಿದ ಕೊನೆಯ ಮಾಲ್ಟ್.

ಅವನು ಹೋಗಿ ಎರಡು ವರ್ಷವಾಗಿತ್ತು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಹೊಳೆಯ ಪಕ್ಕದ ಹೊಗೆಮನೆಯಲ್ಲಿ ಆಲ್ಡರ್ ಸೌದೆಯ ಹೊಗೆಗೆ ಒಣಗಿಸಿ, ಕ್ರಿಸ್‌ಮಸ್ ಬಿಯರಿಗೆಂದು ಬೀಸಿಯೂ ಇಟ್ಟಿದ್ದ. ನಾಳೆ ಬಾನಿಗೆ ಹಾಕಬೇಕು ಅನ್ನುವಾಗ ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಗುನ್ವೋರ್ ಆ ಚೀಲವನ್ನು ಯಾರಿಗೂ ಕೊಡಲಿಲ್ಲ, ಬಳಸಲೂ ಇಲ್ಲ. ಆಗಾಗ ಬಾಯಿ ಬಿಚ್ಚಿ ಮೂಗು ಒಡ್ಡುವಳು. ಹಸಿ ಹೊಗೆ, ಬೆವರು, ಒದ್ದೆ ಉಣ್ಣೆಯ ಅಂಗಿ: ಅಣ್ಣನೇ ಬಂದು ಪಕ್ಕದಲ್ಲಿ ನಿಂತಂತಾಗುತ್ತಿತ್ತು. ಮತ್ತೆ ಕಟ್ಟಿಡುವಳು. ಈ ಶರತ್ಕಾಲದಲ್ಲಿ ಬಿಚ್ಚಿದಾಗ ವಾಸನೆ ಮೂಗಿಗೆ ಮುಟ್ಟಲು ತಡವಾಯಿತು. ಇನ್ನು ಇಟ್ಟುಕೊಂಡರೆ ಇದೂ ಇಲ್ಲವಾಗುತ್ತದೆ ಎಂದು ಹೆದರಿ, ಈ ಸಲ ಬಿಯರ್ ಮಾಡಿಬಿಡುವುದೆಂದು ನಿಶ್ಚಯಿಸಿದ್ದಳು. ಅಣ್ಣನ ಬಿಯರನ್ನು ಹಬ್ಬದ ಊಟದಲ್ಲಿ ಇನ್ನೊಮ್ಮೆ ಕುಡಿಯಬೇಕು. ಅವನ ಮಾಲ್ಟಿನದೇ ಆಗಬೇಕು, ಬೇರೆ ಯಾರದ್ದೂ ಸೇರಕೂಡದು.

ಬೀಸಿದ ಮಾಲ್ಟ್ ಬಹುದಿನ ಬಾಳುವುದಿಲ್ಲ ಎಂಬುದು ಅವಳಿಗೆ ತಿಳಿಯದ ಸಂಗತಿಯಲ್ಲ. ಡೇರಿಯ ಪ್ರಯೋಗಾಲಯದಲ್ಲಿ ಆಯುಸ್ಸು ಸವೆಸಿದವಳು. ಸಿಪ್ಪೆ ಒಡೆದ ಕಾಳು ಗಾಳಿಯ ತೇವ ಹೀರುತ್ತದೆ, ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವ ದಿನದಿನಕ್ಕೂ ಸೊರಗುತ್ತದೆ. ಬೇರೆಯವರು ಹೀಗೆ ಇಟ್ಟಿದ್ದರೆ ಅವಳೇ ಬೈಯುತ್ತಿದ್ದಳು.

ಜೂನಿಪರ್ ರೆಂಬೆ ಹಾಕಿ ಕುದಿಸಿದ ನೀರನ್ನು ಆರಿಸಿ, ಬಾನಿಗೆ ಹೊಯ್ದು, ಮಾಲ್ಟ್ ಸುರಿದು ಮರದ ಹುಟ್ಟಿನಿಂದ ಕಲಕಿದಳು. ಅರವತ್ತೇಳು ಡಿಗ್ರಿ. ಕಂಬಳಿ ಹೊದಿಸಿ ಕೂತಳು.

ಬೆಳಕು ಹರಿಯುವ ಹೊತ್ತಿಗೆ ಪೇಡರ್ ಬಂದ. ಎಪ್ಪತ್ತು ದಾಟಿದ ಮುದುಕ, ಹೊಗೆಮನೆಯಲ್ಲಿ ತೋರ್ಲೈಫನ ಜೊತೆಗಾರ. ಹಿಮದ ಮೇಲೆ ಕಾಲಿನಿಂದ ಒದ್ದು ಓಡಿಸುವ ಗಾಡಿಯಲ್ಲಿ ಹೊಸ ಮಾಲ್ಟಿನ ಚೀಲ ತಂದಿದ್ದ. ಅದನ್ನು ಬಾಗಿಲ ಬಳಿ ಇಳಿಸಿ, ಕಂಬಳಿಯಂಚು ಎತ್ತಿ ಬಾನಿಯನ್ನು ನೋಡಿದ. ಬೆರಳದ್ದಿ ನೆಕ್ಕಿದ.

“ಇದನ್ನ ಬೀಸಿದ್ದು ಯಾವಾಗ?”

“ಅಣ್ಣ ಬೀಸಿದ್ದು.”

“ಅಲ್ಲ ತಾಯಿ, ಡೇರೀಲಿ ನೀನು ಎರಡು ವರ್ಷದ ಹಾಲಿಗೆ ಹೆಪ್ಪು ಹಾಕ್ತಿದ್ಯಾ?”

ಗುನ್ವೋರ್ ಬಿಳಿ ತಟ್ಟೆಗೆ ಒಂದು ಚಮಚ ರಸ ಹಾಕಿ ಅಯೋಡಿನ್ ಹನಿಸಿದಳು. ಕಡುನೀಲಿ. ಪಿಷ್ಟವೆಲ್ಲ ಪಿಷ್ಟವಾಗಿಯೇ ಇತ್ತು. ಇನ್ನೂ ಸ್ವಲ್ಪ ಕಾಯೋಣ ಅಂದಳು. ಪೇಡರ್ ಪೈಪು ತುಂಬಿಕೊಂಡು, ತೋರ್ಲೈಫ್ ಕೂತಿದ್ದ ಬೆಂಚಿನಲ್ಲೇ ಕೂತ.

ಕಾಯುವಾಗ ಹಳೆಯ ಮಾತು ಬಂತು. ತೋರ್ಲೈಫ್ ಸಿಹಿರಸವನ್ನು ಹೆಬ್ಬೆರಳು ತೋರುಬೆರಳ ನಡುವೆ ಅಂಟಿಸಿ, ಕಣ್ಣು ಮುಚ್ಚಿ, ಪ್ರತಿ ವರ್ಷವೂ “ಎಂಬತ್ತು” ಎಂದು ಘೋಷಿಸುತ್ತಿದ್ದ. ಡೇರಿಯಿಂದ ಬಂದ ತಂಗಿ ರಸದಲ್ಲಿ ಸಕ್ಕರೆ ಎಷ್ಟು ಗಟ್ಟಿ ಎಂದು ಅಳೆಯುವ ಗಾಜಿನ ಹೈಡ್ರೋಮೀಟರ್ ಬಿಟ್ಟು ನೋಡುವಳು. ಕಡ್ಡಿಯಲ್ಲಿ 1.072, ಇಲ್ಲವೇ 1.074; ಅವರ ಲೆಕ್ಕದಲ್ಲಿ ಎಪ್ಪತ್ತೆರಡೋ, ಎಪ್ಪತ್ತನಾಲ್ಕೋ. ಎಂಬತ್ತು ಯಾವ ವರ್ಷವೂ ಬಂದದ್ದಿಲ್ಲ. ಅವನು ಒಪ್ಪಿದ್ದೂ ಇಲ್ಲ. ನಿನ್ನ ಗಾಜಿನ ಕಡ್ಡಿಗೆ ಹಸುವಿನ ಹಾಲು ಮಾತ್ರ ಗೊತ್ತು, ಅನ್ನುತ್ತಿದ್ದ. ಪೇಡರ್ ಅವನ ಪಕ್ಷ ವಹಿಸಿ ತಲೆದೂಗುತ್ತಿದ್ದ.

ಎರಡನೆಯ ಹನಿಯೂ ಕಡುನೀಲಿ. ಮೂರನೆಯದೂ. ಬಾನಿ ಆರತೊಡಗಿತ್ತು, ಇನ್ನು ತಡಮಾಡಿದರೆ ಹುಳಿಯುತ್ತಿತ್ತು. ಗುನ್ವೋರ್ ತಟ್ಟೆಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಳು.

“ಆ ಚೀಲ ಯಾರದ್ದು ಗೊತ್ತಾ?” ಪೇಡರ್ ಬಾಗಿಲ ಕಡೆ ಪೈಪು ತೋರಿಸಿದ. “ನಿಮ್ಮಣ್ಣನದು. ಹೊಗೆಮನೇಲಿ ಅವನ ಸರದಿ ನಾವು ತೆಗೆದಿಲ್ಲ. ಅವನ ಪಾಲಿನ ಬಾರ್ಲಿ ಹಾಸ್ತೀವಿ, ಅವನು ಕಟ್ಟಿದ ಒಲೇಲೇ ಒಣಗಿಸ್ತೀವಿ. ಹೋದ ವರ್ಷ ತಂದಾಗ ನೀನು ಬಾಗಿಲು ತೆಗೀಲಿಲ್ಲ.”

“ಅದಕ್ಕೆ ಅವನ ಕೈ ತಾಗಿಲ್ವಲ್ಲ, ಪೇಡರಣ್ಣ.”

“ಕೈ ತಾಗಿದ್ದು ಬಾನೀಲಿದೆ. ಅದಕ್ಕೆ ಏಳೋ ತ್ರಾಣ ಇಲ್ಲ, ಅಷ್ಟೆ. ಎಬ್ಬಿಸೋಕೆ ಇನ್ನೊಂದು ಕೈ ಬೇಡ್ವಾ? ಇಲ್ಲಾಂದ್ರೆ ಹಂದಿಗೆ ಹಾಕು.”

ಗುನ್ವೋರ್ ತಟ್ಟೆ ಕೆಳಗಿಟ್ಟು ಹೋಗಿ ಹೊಸ ಚೀಲದ ದಾರ ಬಿಚ್ಚಿ, ಒಂದು ಕಾಳನ್ನು ಹಲ್ಲಿಗಿಟ್ಟಳು. ಟಕ್ಕೆಂದು ಒಡೆಯಿತು. ಒಡೆದರೆ ಮಾಲ್ಟ್, ಬಾಗಿದರೆ ಮೇವು ಎಂದು ಅಣ್ಣ ಅನ್ನುತ್ತಿದ್ದ. ಅವನ ಕೈಬೀಸುವ ಯಂತ್ರ ಮೂಲೆಯಲ್ಲೇ ಇತ್ತು. ಹಿಡಿಕೆ ಅವನ ಅಂಗೈಗೆ ಸವೆದು ಒಂದು ಕಡೆ ತೆಳುವಾಗಿತ್ತು. ಅವಳು ಬೀಸಿದಳು, ಪೇಡರ್ ಕಾಳು ಸುರಿದ. ಬಿಸಿನೀರು ಹೊಯ್ದು ಬಾನಿಯನ್ನು ಮತ್ತೆ ಅರವತ್ತೇಳಕ್ಕೆ ತಂದು ಹೊಸ ಮಾಲ್ಟನ್ನು ಹಳೆಯದರೊಳಗೆ ಕಲಕಿದರು. ಹೊಸ ಕಾಳಿನ ಕಿಣ್ವಕ್ಕೆ ಯಾರ ಪಿಷ್ಟವಾದರೇನು, ಸಿಕ್ಕಿದ್ದನ್ನು ಸಕ್ಕರೆ ಮಾಡುತ್ತದೆ. ಇದೂ ಅವಳಿಗೆ ಗೊತ್ತಿದ್ದದ್ದೇ.

ಮುಂದಿನ ಹನಿ ಕಂದುನೇರಳೆಗೆ ತಿರುಗಿತು. ಅದರ ಮುಂದಿನದು ಬಣ್ಣ ಬದಲಿಸದೆ ಚಹಾದಂತೆ ತಟ್ಟೆಯಲ್ಲಿ ಹರಡಿತು.

ರಸ ಬಾನಿಯ ತಳಕ್ಕೆ ಹಾಸಿದ್ದ ಜೂನಿಪರ್ ರೆಂಬೆಗಳ ನಡುವಿನಿಂದ ಸಣ್ಣ ಧಾರೆಯಾಗಿ ಇಳಿಯಿತು. ಗುನ್ವೋರ್ ಒಂದು ಗುಟುಕು ಬಾಯಲ್ಲಿ ಹಿಡಿದಳು. ಮೊದಲು ಹೊಸ ಮಾಲ್ಟಿನ ತೀಕ್ಷ್ಣ ಹೊಗೆ. ಅದು ನಾಲಗೆಯಿಂದ ಸರಿದ ಮೇಲೆ, ತಳದಿಂದ ಇನ್ನೊಂದು ಹೊಗೆ, ಒದ್ದೆ ಉಣ್ಣೆಯ ಹಾಗಿನದು, ನಿಧಾನಕ್ಕೆ ಎದ್ದು ಬಂತು. ಅವಳು ಬೆನ್ನು ತಿರುಗಿಸಿ ಕಿಟಕಿಯ ಕಡೆ ನಿಂತು ನುಂಗಿದಳು.

ಪೇಡರ್ ಅವಸರ ಮಾಡಲಿಲ್ಲ. ಆರಿದ ರಸವನ್ನು ಗಾಜಿನ ಕೊಳವೆಗೆ ತುಂಬಿ ಅವಳು ಹೈಡ್ರೋಮೀಟರ್ ಬಿಟ್ಟಾಗ ಮಾತ್ರ ಕೇಳಿದ.

“ಎಷ್ಟು ಬಂತು?”

ಅವಳು ಹೆಬ್ಬೆರಳು ತೋರುಬೆರಳನ್ನು ಅಂಟಿಸಿ ಬಿಡಿಸಿ ನೋಡಿಕೊಂಡಳು.

“ಎಂಬತ್ತು.”

ಪೇಡರ್ ಎದ್ದು ಬಂದು, ಕನ್ನಡಕವಿಲ್ಲದ ಕಣ್ಣು ಕಿರಿದುಮಾಡಿ ಕೊಳವೆಯನ್ನು ನೋಡಿ ತಲೆದೂಗಿದ. “ಎಂಬತ್ತೇ.”

ಕಡ್ಡಿ ನಿಂತಿದ್ದದ್ದು 1.058ರಲ್ಲಿ.