ನೂರು ಕೋಟಿಗೆ ಒಂದು ಹುತ್ತ

ಆ ಹಳದಿ ಚೀಟಿಯ ಕೆಳಗೆ ಎರಡು ಗೆರೆಗಳಿದ್ದವು. ಮೊದಲನೆಯದು ಮಾತು ಹೇಳಿದವರ ಹೆಸರಿಗೆ, ಎರಡನೆಯದು ಅವರ ಒಲೆಗೆ. ನಾನು ಪದಕೋಶದ ಕಚೇರಿಗೆ ಸೇರಿದ ದಿನವೇ ನಮ್ಮ ಹಿರಿಯರಾದ ಚೆನ್ನಕೇಶವಯ್ಯನವರು ಆ ಎರಡನೆಯ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ್ದರು. ಹಳೆಯ ಬರಹದಲ್ಲಿರುವ ಮಾತಿಗೆ ಬೇರೆ ಸಾಕ್ಷಿ ಬೇಡ. ಬರಹದಲ್ಲಿ ಇಲ್ಲದ್ದಕ್ಕೆ ಎರಡು ಬಾಯಿ ಬೇಕು, ಆ ಎರಡೂ ಒಂದೇ ಒಲೆಯ ಅನ್ನ ಉಣ್ಣುತ್ತಿರಬಾರದು. ಮನೆಯೊಳಗೆ ಜನ ಏನೇನೋ ಹೆಸರು ಕಟ್ಟಿಕೊಂಡು ಆಡುತ್ತಾರೆ, ಅದೆಲ್ಲ ಭಾಷೆಯಾಗುವುದಿಲ್ಲ ಎನ್ನುವುದು ಅವರ ವಾದ. ನನಗೆ ಆಗ ಊರಿನಲ್ಲಿ ಯಾರೂ ಇರಲಿಲ್ಲ. ಆ ಗೆರೆಯನ್ನು ನನ್ನ ಬಗ್ಗೆ ತುಂಬಬೇಕಾಗಿ ಬಂದಿದ್ದರೆ ಬಸ್‌ನಿಲ್ದಾಣದ ಎದುರಿನ ಹೋಟೆಲಿನ ಹೆಸರು ಬರೆಯಬೇಕಿತ್ತು.

ಆ ವರ್ಷ ನಾವು ಎಣಿಕೆಯ ಹೆಸರುಗಳನ್ನು ಜೋಡಿಸುತ್ತಿದ್ದೆವು. ಕೋಟಿಯವರೆಗೆ ತಂಟೆಯಿರಲಿಲ್ಲ. ಅಲ್ಲಿಂದ ಮೇಲೆ ಗ್ರಂಥಗಳೇ ಒಂದಕ್ಕೊಂದು ಜಗಳವಾಡುತ್ತಿದ್ದವು. ಒಂದರಲ್ಲಿ ಅರ್ಬುದವೆಂದರೆ ಹತ್ತು ಕೋಟಿ, ಇನ್ನೊಂದರಲ್ಲಿ ನೂರು ಕೋಟಿ. ಖರ್ವ, ಪದ್ಮ, ಶಂಖ, ಜಲಧಿ, ಪರಾರ್ಧ ಎಂದು ಪಟ್ಟಿ ಬೆಳೆಯುತ್ತಿತ್ತು. ಅವನ್ನು ಯಾರಾದರೂ ಬಾಯಲ್ಲಿ ಆಡಿದ್ದು ನಾನು ಕೇಳಿರಲಿಲ್ಲ. ಆದರೂ ಬರಹದಲ್ಲಿದ್ದವು, ಒಪ್ಪಿತವಾದವು. ಪಟ್ಟಿಯನ್ನು ವಾರಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿ, ತಪ್ಪಿದ್ದರೆ ತಿಳಿಸಿ ಎಂದು ಕೇಳಿದ್ದೆವು.

ಬಂದದ್ದು ಒಂದೇ ಕಾರ್ಡು. ಬಯಲುಸೀಮೆಯ ಹಳ್ಳಿಯೊಂದರಿಂದ ಕಂಬಳಿ ನೇಯುವ ಮೈಲಾರಪ್ಪ ಎಂಬವರು ದಪ್ಪ ಅಕ್ಷರಗಳಲ್ಲಿ ಬರೆದಿದ್ದರು. ನಮ್ಮ ಕಡೆ ನೂರು ಕೋಟಿಗೆ ಒಂದು ಹುತ್ತ, ನೂರು ಹುತ್ತಕ್ಕೆ ಒಂದು ಮಿಡತೆ, ನೂರು ಮಿಡತೆಗೆ ಒಂದು ಇಬ್ಬನಿ. ಇದನ್ನೂ ಸೇರಿಸಬೇಕು. ನಾವು ಉತ್ತರಿಸದೆ ಇದ್ದಾಗ ಎರಡನೆಯ ಕಾರ್ಡು ಬಂತು, ಆಮೇಲೆ ಮೂರನೆಯದು. ಐದನೆಯದರ ಹೊತ್ತಿಗೆ ಚೆನ್ನಕೇಶವಯ್ಯನವರು ಎರಡು ಹಳದಿ ಚೀಟಿ ಕೊಟ್ಟು ನನ್ನನ್ನು ಕಳಿಸಿದರು.

ಬಸ್ಸಿಳಿದು ಮೂರು ಮೈಲಿ ನಡೆಯಬೇಕಾಯಿತು. ಮೈಲಾರಪ್ಪನವರಿಗೆ ಅರವತ್ತು ದಾಟಿತ್ತು. ಮನೆಯ ತುಂಬ ಉಣ್ಣೆಯ ಮತ್ತು ಹುಣಸೆಬೀಜದ ಗಂಜಿಯ ವಾಸನೆ. ಒಬ್ಬರೇ ಇದ್ದರು. ರೊಟ್ಟಿ ತಟ್ಟಿ ನನಗಿಟ್ಟು, ನಾನು ಉಂಡ ಮೇಲೆ ಅದೇ ತಟ್ಟೆ ತೊಳೆದು ತಾವು ಉಂಡರು. ನಲವತ್ತು ಕುರಿಯ ಮಂದೆಯ ಮೈಮೇಲಿನ ಕೂದಲು ಸುಮಾರು ಒಂದು ಹುತ್ತ ಆಗುತ್ತದೆ ಎಂದು ತಿಳಿಸಿದರು. ಪದ್ಮ, ಶಂಖ, ಜಲಧಿ ಎಲ್ಲ ನೀರಿನವು, ಇಲ್ಲಿ ನೀರೆಲ್ಲಿದೆ ಎಂದು ಕೇಳಿದರು. ಮೊದಲ ಚೀಟಿ ತುಂಬಿತು. ಈ ಮಾತು ಬಲ್ಲವರು ಇನ್ನು ಯಾರಿದ್ದಾರೆ ಎಂದೆ.

"ನಾನು ಸತ್ರೆ ಇದನ್ನ ಅನ್ನೋರು ಈ ಊರಲ್ಲಿ ಇಲ್ಲ, ಮೇಷ್ಟ್ರೇ. ಅದ್ಕೇ ಅಷ್ಟು ಸಲ ಬರ್ದಿದ್ದು" ಎಂದರು. "ಈ ಊರಲ್ಲಿ" ಎಂದು ಇನ್ನೊಮ್ಮೆ ಹೇಳಿ ಮಗ್ಗದ ಗುಂಡಿಗೆ ಇಳಿದರು.

ನಾನು ಮನೆಮನೆ ತಿರುಗಿದೆ. ನಿಯಮದಂತೆ ಮಾತನ್ನು ನಾವೇ ಅವರ ಬಾಯಿಗೆ ಹಾಕುವ ಹಾಗಿರಲಿಲ್ಲ. ನೂರು ಕೋಟಿಗೆ ಏನನ್ನುತ್ತೀರಿ ಎಂದು ಕೇಳಿದರೆ ಕಟ್ಟೆಯ ಮೇಲಿದ್ದವರು ನಕ್ಕರು. "ನಮ್ಗೆ ನೂರೇ ಜಾಸ್ತಿ. ಮೈಲಾರಪ್ಪ ಕಳಿಸಿದ್ನಾ ನಿಮ್ಮನ್ನ? ಅವನ ಲೆಕ್ಕ ಹಿಡ್ಕಂಡು ಹೋದ್ರೆ ಹುತ್ತಕ್ಕೆ ಕೈ ಹಾಕ್ತೀರಿ, ಹಾವಿರ್ತದೆ ನೋಡ್ಕಳಿ" ಎಂದ ಒಬ್ಬ. ಹಣ್ಣುಹಣ್ಣಾದ ಮುದುಕಿಯೊಬ್ಬಳು ತನ್ನಜ್ಜಿ ಏನೋ ಅನ್ನುತ್ತಿದ್ದಳು, ನೆನಪಿಗೆ ಬರುತ್ತಿಲ್ಲ ಎಂದಳು. ಏನೋ ಎನ್ನುವುದನ್ನು ಚೀಟಿಯಲ್ಲಿ ಬರೆಯುವಂತಿಲ್ಲ. ಕೊನೆಗೆ ಅವಳೇ, ಮೈಲಾರಪ್ಪನ ಹೆಂಡತಿಗೆ ಗೊತ್ತಿದ್ದೀತು, ಅವಳು ಉಣ್ಣೆ ನೂಲುತ್ತ ಇವನು ನೇಯುತ್ತ ಇಬ್ಬರೂ ಅದನ್ನೇ ಆಡುತ್ತಿದ್ದರು ಎಂದಳು.

ಹೆಂಡತಿ ಇರುವುದು ನನಗೆ ಗೊತ್ತಾದದ್ದು ಹಾಗೆ. ಮಿಕ್ಕದ್ದನ್ನೂ ಮುದುಕಿಯೇ ಹೇಳಿದಳು. ಮಕ್ಕಳಾಗಲಿಲ್ಲವೆಂದು ಅತ್ತೆ ಒಂದು ದಿನ ಇನ್ನೊಬ್ಬಳನ್ನು ತರುವ ಮಾತೆತ್ತಿದಳಂತೆ. ಮೈಲಾರಪ್ಪ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಹೆಂಡತಿ ಹಾಲಮ್ಮ ಅವತ್ತೇ ಗುಡ್ಡದಾಚೆಯ ತವರಿಗೆ ಹೊರಟುಹೋದಳು. ಹೋದ ಹೆಂಡತಿಯನ್ನು ಗಂಡ ಹೋಗಿ ಕರೆಯಬೇಕು, ಕರೆಯದೆ ಅವಳು ಬರುವಂತಿಲ್ಲ. ಇವನು ಕರೆಯಲೂ ಇಲ್ಲ, ಇನ್ನೊಬ್ಬಳನ್ನು ಕಟ್ಟಿಕೊಳ್ಳಲೂ ಇಲ್ಲ. ತಾಯಿ ಸತ್ತ ಮೇಲೂ ಹೋಗಲಿಲ್ಲ. ಹತ್ತೊಂಬತ್ತು ವರ್ಷ.

ಮರುದಿನ ಗುಡ್ಡ ದಾಟಿದೆ. ಹಾಲಮ್ಮ ಅಣ್ಣನ ಮನೆಯ ಜಗಲಿಯಲ್ಲಿ ನೂಲುತ್ತಿದ್ದರು. ಎಲ್ಲಿಂದ ಬಂದೆನೆಂದು ಹೇಳದೆ, ಒಂದು ಮಂದೆಯ ಮೈಮೇಲೆ ಎಷ್ಟು ಕೂದಲಿರಬಹುದು ಎಂದು ಕೇಳಿದೆ.

"ಎಷ್ಟು ಕುರೀದು?"

"ನಲವತ್ತು."

"ಹಂಗಾದ್ರೆ ಒಂದು ಹುತ್ತ" ಎಂದರು, ಎಳೆಯಿಂದ ಕಣ್ಣು ತೆಗೆಯದೆ. ಆಮೇಲೆ ಅವರ ಕೈ ನಿಂತಿತು. ನನ್ನನ್ನು, ನನ್ನ ಕೈಯಲ್ಲಿದ್ದ ಚೀಟಿಯನ್ನು ನೋಡಿದರು. ಯಾರು ಕಳಿಸಿದರೆಂದು ಕೇಳಲಿಲ್ಲ. ಮಿಡತೆ, ಇಬ್ಬನಿ ಎರಡನ್ನೂ ತಾವಾಗಿಯೇ ಹೇಳಿದರು. ಹೆಸರು ಬರೆದುಕೊಂಡು, ಒಲೆ ಯಾವುದೆಂದು ಬರೆಯಲಿ ಎಂದೆ. ಈ ಮನೆಯದೆಂದು ಬರೆದರೆ ಮಾತು ಪುಸ್ತಕ ಸೇರುತ್ತದೆ ಎಂಬುದನ್ನೂ ವಿವರಿಸಿದೆ.

"ಉಣ್ಣೋದು ಇಲ್ಲಿ. ಒಲೆ ಯಾವ್ದು ಅಂತ ನಾನೇ ಹೇಳೋ ಹಂಗಿದ್ದಿದ್ರೆ ಇಷ್ಟು ವರ್ಷ ಇಲ್ಲಿ ಕೂರ್ತಿದ್ನಾ? ಅವ್ರನ್ನೇ ಕೇಳಿ. ಅವ್ರು ಏನು ಹೇಳ್ತಾರೋ ಅದನ್ನ ಬರೀರಿ."

ಖಾಲಿ ಗೆರೆಯ ಚೀಟಿಯೊಂದಿಗೆ ಸಂಜೆಯೊಳಗೆ ಹಿಂದಿರುಗಿದೆ. ಎಲ್ಲವನ್ನೂ ಹೇಳಿದೆ. ಮೈಲಾರಪ್ಪ ಮಗ್ಗದಲ್ಲೇ ಕೂತು ಕೇಳಿಸಿಕೊಂಡರು.

"ಬೇರೆ ಒಲೆ ಅಂದ್ರೆ ಪುಸ್ತಕಕ್ಕೆ ಸೇರ್ತದೆ."

"ಸೇರುತ್ತದೆ."

"ಒಂದೇ ಅಂದ್ರೆ?"

"ಇಲ್ಲ."

ನನಗೂ ಆಸೆಯಿತ್ತು. ಕಚೇರಿಗೆ ಸೇರಿದಾಗಿನಿಂದ ನಾನಾಗಿ ಹುಡುಕಿ ತಂದ ಮಾತು ಒಂದೂ ಕೋಶದಲ್ಲಿ ಬಿದ್ದಿರಲಿಲ್ಲ. ಹತ್ತೊಂಬತ್ತು ವರ್ಷ ಬೇರೆಬೇರೆ ಬೇಯಿಸಿಕೊಂಡು ಉಂಡಿದ್ದೀರಿ, ಬೇರೆ ಎಂದರೆ ಸುಳ್ಳಾಗುವುದಿಲ್ಲ, ಚೆನ್ನಕೇಶವಯ್ಯನವರೂ ಒಪ್ಪುತ್ತಾರೆ ಎಂದು ಒತ್ತಿ ಹೇಳಿದೆ. ಅವರು ಎಳೆಗಳಿಗೆ ಗಂಜಿ ಸವರುತ್ತಿದ್ದರು. ಸವರಿದ ಕಡೆಯೇ ಮತ್ತೆ ಸವರಿದರು.

"ಆ ಚೀಟಿ ಅಚ್ಚಾದ್ಮೇಲೆ ಹರಿದು ಬಿಸಾಕ್ತೀರಾ?"

"ಇಲ್ಲ. ಎಲ್ಲ ಚೀಟಿಗಳನ್ನೂ ಪೆಟ್ಟಿಗೆಯಲ್ಲಿ ಇಟ್ಟಿರುತ್ತೇವೆ."

"ಯಾವಾಗ ತೆಗೆದು ನೋಡಿದ್ರೂ ಬೇರೆ ಅಂತ್ಲೇ ಇರ್ತದೆ."

ನಾನು ಹೌದೆಂದೆ.

"ಒಂದೇ ಒಲೆ ಅಂತ ಬರ್ಕಳಿ" ಎಂದರು.

ನಾನು ಪೆನ್ನು ಹಿಡಿದು ಸ್ವಲ್ಪ ಕಾದೆ. ಅವರು ಮಾತು ಬದಲಿಸಲಿಲ್ಲ. ಎರಡನೆಯ ಚೀಟಿಯಲ್ಲೂ ಅದೇ ಮನೆಯ ಹೆಸರು ಬರೆದೆ. ಚೆನ್ನಕೇಶವಯ್ಯನವರು ಅವನ್ನು ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಅವರು ಹಾಗೆಯೇ ಮಾಡಿದರು. ಅಚ್ಚಾದ ಕೋಶದಲ್ಲಿ ಹುತ್ತಕ್ಕೆ ಗೆದ್ದಲಿನ ಗೂಡು ಎಂಬ ಒಂದೇ ಅರ್ಥವಿದೆ.

ಅವತ್ತು ನಾನು ಚೀಟಿಗಳನ್ನು ಎತ್ತಿಡುತ್ತಿದ್ದಾಗ, "ಮಿಡತೆಗೆ ಎಷ್ಟು ಹುತ್ತ ಅಂದ್ಲು?" ಎಂದು ಮೈಲಾರಪ್ಪ ಕೇಳಿದರು.

"ನೂರು."

"ಮರ್ತಿಲ್ಲ" ಎಂದರು, ನನಗಲ್ಲ.

ಬೆಳಿಗ್ಗೆ ನನ್ನನ್ನು ಕಳಿಸಲು ದಾರಿ ಕವಲೊಡೆಯುವಲ್ಲಿಯವರೆಗೆ ಬಂದರು. ಒಂದು ದಾರಿ ಬಸ್ಸಿಗೆ, ಇನ್ನೊಂದು ಗುಡ್ಡಕ್ಕೆ. ಗುಡ್ಡದ ದಾರಿಗೆ ಅಡ್ಡವಾಗಿ ಒಣಗಿದ ಜಾಲಿಯ ಕೊಂಬೆಯೊಂದು ಬಿದ್ದಿತ್ತು, ಹಿಂದಿನ ದಿನ ನಾನು ಅದನ್ನು ಸುತ್ತುಬಳಸಿ ಹೋಗಿದ್ದೆ. ಅವರು ಅದನ್ನು ಕಾಲಿನಿಂದ ಸರಿಸಿದರು. ಸಾಲದೆಂದು ಕಂಡಿರಬೇಕು, ಬಗ್ಗಿ ಮುಳ್ಳು ತಪ್ಪಿಸಿ ಹಿಡಿದು ದೂರಕ್ಕೆ ಎಸೆದರು. ನಾನು ಕೈಮುಗಿದು ನಡೆದೆ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅಲ್ಲೇ ನಿಂತಿದ್ದರು, ಮುಂದಕ್ಕೆ ಹೆಜ್ಜೆಯಿಡದೆ, ಊರಿನ ಕಡೆಗೂ ತಿರುಗದೆ, ಬೆರಳಿಗೆ ಹತ್ತಿದ ಮುಳ್ಳನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ಕೀಳುತ್ತ.