ಒಂದು ಬೀಡಿ ಹೊತ್ತು

ಅಕ್ಕಿಪೇಟೆಯ ಗೋಡೌನುಗಳಲ್ಲಿ ಆಗ ಹಮಾಲರಿಗೆ ಊಟ ಬಿಟ್ಟರೆ ಬಿಡುವು ಸಿಗುತ್ತಿದ್ದುದು ಬೀಡಿಗೆ ಮಾತ್ರ. ಬೀಡಿ ಹಚ್ಚಿದವನು ಜಗಲಿಯ ಮೇಲೆ ಕೂರಬಹುದು, ಮುಗಿದರೆ ಏಳಬೇಕು. ಮೇಸ್ತ್ರಿ ದೊಡ್ಡಬೈರಪ್ಪ ತಾನೂ ಒಂದು ಕಾಲದಲ್ಲಿ ಮೂಟೆ ಹೊತ್ತವನು, ಅವನ ಮೇಸ್ತ್ರಿಯೂ ಹಾಗೇ ನಡೆಸಿದ್ದ. ಬೀಡಿ ಸೇದದ ಹಮಾಲ ಎಂಬ ಪ್ರಾಣಿಯನ್ನು ಆ ಬೀದಿ ನೋಡಿರಲಿಲ್ಲ.

ಎಪ್ಪತ್ತಾರನೇ ಇಸವಿಯಲ್ಲಿ ಹಮಾಲ ಓಬಳಪ್ಪ ಬೀಡಿ ಬಿಟ್ಟ.

ಕೆಮ್ಮು ಹಿಡಿದರೆ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು, ಬೀಡಿ ಬಿಟ್ಟರೆ ಇನ್ನೂ ಬಹಳ ವರ್ಷ ಮೂಟೆ ಹೊರಬಹುದು, ಇಲ್ಲದಿದ್ದರೆ ಜನ ನಿನ್ನನ್ನು ಹೊರುತ್ತಾರೆ ಎಂದಿದ್ದರು. ಶ್ರೀರಾಂಪುರದ ಮನೆಯಲ್ಲಿ ಹೆಂಡತಿ ಹನುಮಕ್ಕ ಉಳಿದ ಕಟ್ಟನ್ನು ಒಲೆಗೆ ಹಾಕಿದಳು. ಆ ಹೊಗೆಯನ್ನೂ ಅವನು ಬಾಗಿಲಲ್ಲಿ ನಿಂತು ಎಳೆದುಕೊಂಡ.

ಗೋಡೌನಿನಲ್ಲಿ ಅವನ ಜೋಡಿ ಮರಿಯಣ್ಣ, ಮಾಗಡಿ ಕಡೆಯ ಒಕ್ಕಲು ಮನೆಯವನು. ಮರಿಯಣ್ಣ ಓಬಳಪ್ಪನ ಚೊಂಬಿನ ನೀರು ಮುಟ್ಟುತ್ತಿರಲಿಲ್ಲ. ಆದರೆ ಸುಂದರಮ್ಮನ ಪೆಟ್ಟಿಗೆ ಅಂಗಡಿಯಲ್ಲಿ ತೂಗುತ್ತಿದ್ದ ಉರಿಹಗ್ಗದಿಂದ ಒಬ್ಬ ಹಚ್ಚಿಕೊಂಡು ಬಂದರೆ, ಇನ್ನೊಬ್ಬ ಅದರ ತುದಿಗೆ ತನ್ನದನ್ನು ತಾಗಿಸಿ ಹಚ್ಚುತ್ತಿದ್ದ. ಬೀಡಿಯ ಬೆಂಕಿಗೆ ಮೈಲಿಗೆ ಇರಲಿಲ್ಲ. ಈಗ ಆ ಜಗಲಿ ಒಡೆದು ಶಟರ್ ಹಾಕಿದ್ದಾರೆ. ಹನ್ನೊಂದು ಗಂಟೆಯ ಬಿಸಿಲು, ಗೋಣಿಯ ಧೂಳು, ಹೊಸ ಅಕ್ಕಿಯ ವಾಸನೆ, ಪಕ್ಕದಲ್ಲಿ ಮರಿಯಣ್ಣನ ಬೆವರಿದ ತೋಳು: ಬೀಡಿ ಬಿಟ್ಟ ಮೇಲೆ ಓಬಳಪ್ಪನಿಗೆ ನೆನಪಾಗುತ್ತಿದ್ದುದು ಹೊಗೆಗಿಂತ ಹೆಚ್ಚಾಗಿ ಇವು.

ಮೊದಲ ದಿನ ಅವನು ಬರಿಗೈಯಲ್ಲಿ ಬಂದು ಕೂತ. ಬೀಡಿ ಇಲ್ಲದವನಿಗೆ ಜಗಲಿಯಲ್ಲಿ ಏನು ಕೆಲಸ ಎಂದು ಮೇಸ್ತ್ರಿ ಎಬ್ಬಿಸಿದ. ಆ ವಾರವೆಲ್ಲ ಓಬಳಪ್ಪ ಒಂದೇ ಸಮನೆ ಹೊತ್ತ. ಬೀಡಿ ಬಿಟ್ಟ ತಪ್ಪಿಗೆ ಉಸಿರು ಇನ್ನಷ್ಟು ಕಟ್ಟತೊಡಗಿತು. ಕಡೆಗೆ ಹಚ್ಚದ ಬೀಡಿಯೊಂದನ್ನು ತುಟಿಗೆ ಸಿಕ್ಕಿಸಿಕೊಂಡು ಕೂತ. ಹೊಗೆ ಬರದ್ದನ್ನು ಕಂಡು ಉಳಿದವರು ನಕ್ಕರು; ಮೇಸ್ತ್ರಿ ಬಂದು ಎದುರು ನಿಂತ. ಮರಿಯಣ್ಣ ತನ್ನ ಬೀಡಿಯನ್ನು ಬಾಯಲ್ಲಿಟ್ಟುಕೊಂಡೇ ಹತ್ತಿರಕ್ಕೆ ಬಾಗಿದ.

"ಹಚ್ಕೊ ಗುರು. ಒಂದ್ ದಮ್ ಎಳೆದ್ರೆ ಸತ್ತೋಗಲ್ಲ. ಮೇಸ್ತ್ರಿ ನೋಡ್ತಾವ್ರೆ."

ಕೆಂಡ ಬೆರಳಗಲ ದೂರದಲ್ಲಿತ್ತು. ಓಬಳಪ್ಪನ ತುಟಿ ಮುಂದಕ್ಕೆ ಹೋಯಿತು. ಆಮೇಲೆ ಅವನು ಬೀಡಿ ತೆಗೆದು ಹೊಸಕಿ ಚರಂಡಿಗೆ ಎಸೆದ. ಎದ್ದು ಹೋಗಿ ಲಾರಿಯಿಂದ ಮೂಟೆ ಬೆನ್ನಿಗೆ ಹಾಕಿಸಿಕೊಂಡು ಬಂದವನು ಅದನ್ನು ನಡುಬೀದಿಯಲ್ಲಿ ಇಳಿಸಿ, ಮೇಲೆ ಕೂತುಬಿಟ್ಟ. ಹಿಂದೆ ಕೈಗಾಡಿಗಳು ನಿಂತವು. ಗಾಡಿಯವರು ಅವನ ತಾಯಿಯನ್ನು ನೆನೆದರು.

"ಹೊಗೆ ಕುಡಿಯೋಕೆ ಬಿಡ್ತೀರಿ," ಎಂದ ಓಬಳಪ್ಪ ಮೇಸ್ತ್ರಿಗೆ. "ನಾನು ಉಸಿರು ಎಳ್ಕೊಳೋಕೆ ಕೂತಿದೀನಿ. ಅಷ್ಟೇ ಹೊತ್ತು."

ನಾಳೆಯಿಂದ ಬರಬೇಡ ಎಂದು ಮೇಸ್ತ್ರಿ ಶುರು ಮಾಡಿದ. ಅಷ್ಟರಲ್ಲಿ ಮರಿಯಣ್ಣ ಬಂದು ಅದೇ ಮೂಟೆಯ ಇನ್ನೊಂದು ತುದಿಗೆ ಕುಂಡಿಯೂರಿದ.

"ಇದು ನಮ್ಮಿಬ್ರ ಬೀಡಿ, ಮೇಸ್ತ್ರಿ. ಸೇದೋನು ನಾನು, ಕೂರೋನು ಅವ್ನು. ಬೈ ಟೂ."

ಗಾಡಿಯವರೂ ನಕ್ಕರು. ಅಷ್ಟು ಜನ ನಕ್ಕ ಮೇಲೆ ಮೇಸ್ತ್ರಿಗೆ ಬೈಯಲಾಗಲಿಲ್ಲ. ಮರುದಿನದಿಂದ ಅದೇ ರೂಢಿಯಾಯಿತು. ಓಬಳಪ್ಪ ಗಾಳಿ ಬರುವ ಕಡೆ ಕೂರುತ್ತಿದ್ದ. ಅವನ ಕೆಮ್ಮು ಇಳಿಯಿತು, ವರ್ಷ ಕಳೆದಂತೆ ಮರಿಯಣ್ಣನದು ಏರಿತು. ನೀನೂ ಬಿಟ್ಟುಬಿಡು ಎಂದು ಓಬಳಪ್ಪ ಹೇಳುತ್ತಲೇ ಇದ್ದ.

"ನಾನೂ ಬಿಟ್ರೆ ಇಬ್ರನ್ನೂ ಎಬ್ಬಿಸ್ತಾನಲ್ಲೋ."

ಅದು ಪೂರ್ತಿ ತಮಾಷೆಯಾಗಿರಲಿಲ್ಲ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಮರಿಯಣ್ಣ ಸತ್ತ. ಮಣ್ಣಿಗೆ ಹೋಗಿ ಬಂದ ಮರುದಿನ, ಹನ್ನೊಂದಕ್ಕೆ ಎಲ್ಲರೂ ಹಚ್ಚಿದರು. ಯಾರೋ ಓಬಳಪ್ಪನಿಗೂ ಒಂದು ಚಾಚಿ, ಇವತ್ತೊಂದು ದಿನ ಎಂದರು. ಬೇಕೆನಿಸಿತು, ಬಿಟ್ಟಾಗಿನಿಂದ ಯಾವತ್ತೂ ಅಷ್ಟು ಬೇಕೆನಿಸಿರಲಿಲ್ಲ. ತಲೆಯಾಡಿಸಿ ಜಗಲಿಗೆ ಹೋಗಿ, ಪಕ್ಕದಲ್ಲಿ ಒಬ್ಬನ ಜಾಗ ಬಿಟ್ಟು ಕೂತ. ದೊಡ್ಡಬೈರಪ್ಪ ನೋಡಿದ. ಲಾರಿಯ ಕಡೆ ತಿರುಗಿದ.

ಮರಿಯಣ್ಣನ ಬೀಡಿ ಮುಗಿಯುವಷ್ಟು ಹೊತ್ತು ಕೂತಿದ್ದು ಓಬಳಪ್ಪ ಎದ್ದ.